ಗೋಡೆಗೂ ಬಾಯುಂಟು

ಗೋಡೆಗೂ ಕಿವಿಯುಂಟೆಂದು ನಮ್ಮ ಹಿರಿಯರು ಎಚ್ಚರಿಸಿದ್ದಾರೆ. ಅತ್ತೆ ಸೊಸೆಯರ ಮಾತುಕತೆಗೆ, ಸಾಲದ ವ್ಯವಹಾರಕ್ಕೆ, ಮದುವೆಯ ಸಂಧಾನಕ್ಕೆ ಆ ಎಚ್ಚರಿಕೆ ಸಾಕು. ಆದರೆ ಗೋಡೆಗೆ ಬಾಯಿಯೂ ಉಂಟೆಂದು ಅವರಾರೂ ಹೇಳಲಿಲ್ಲ. ಹೇಳುವ ಪ್ರಸಂಗ ಅವರಿಗೆ ಬಂದಿರಲಾರದು. ಮುರಕಲ್ಲಿನ ಗೋಡೆ, ಹಂಚಿನ ಮಾಡು, ಒಂದು ಪಕ್ಕ ಅಂಗಳಕ್ಕೆ ತೆರೆದುಕೊಂಡ ಚಾವಡಿ. ಅಂಥ ಮನೆಗಳಲ್ಲಿ ಗೋಡೆಗಳು ಹೇಳಿದ್ದನ್ನು ಕೇಳಿಕೊಂಡು ಮರ್ಯಾದೆಯಿಂದ ಸುಮ್ಮನಿರುತ್ತಿದ್ದುವು. ಈಗಿನವು ಹಾಗಲ್ಲ. ನೀವೊಂದು ಮಾತಾಡಿದರೆ ಅವು ಹತ್ತು ಆಡುತ್ತವೆ. ನೀವು ಬಾಯಿ ಮುಚ್ಚಿದ ಮೇಲೂ ಅವುಗಳ ಗೊಣಗಾಟ ನಿಲ್ಲುವುದಿಲ್ಲ. ಇಂಥ ಬಾಯಾಳಿ ಗೋಡೆಗಳು ನಮ್ಮ ಮನೆಯ ಒಬ್ಬ ಮಾತುಗಾರರನ್ನು ಮೌನಿಯನ್ನಾಗಿ ಮಾಡಿದ ಸಂಗತಿಯನ್ನೂ, ಆಮೇಲೆ ಅವುಗಳ ಬಾಯಿ ಕಟ್ಟಿದ ಬಗೆಯನ್ನೂ ವಾಚಕರ ಮುಂದಿಡಬೇಕೆಂದು ಈ ಲೇಖನಕ್ಕೆ ಕೈಹಾಕಿದ್ದೇನೆ.

ಆ ಮಾತುಗಾರರು ನನ್ನ ತಂದೆ. ಕಾರ್ಕಳದ ಬಳಿಯ ಹಳ್ಳಿಯೊಂದರಲ್ಲಿ ಮೂವತ್ತಕ್ಕೂ ಹೆಚ್ಚು ವರ್ಷ ಶಾಲಾಮಾಸ್ತರರಾಗಿದ್ದವರು. ಅವರಿಗೆ ಇಸ್ಪೀಟಿನ ಚಟವಿಲ್ಲ, ನಶ್ಯದ ಚಟವಿಲ್ಲ. ಇದ್ದದ್ದೆಲ್ಲ ತಾಳಮದ್ದಳೆಯ ಚಟ. ಯಕ್ಷಗಾನದಿಂದ ವೇಷವನ್ನೂ ಕುಣಿತವನ್ನೂ ಕಳೆದರೆ ಉಳಿಯುವುದೇ ತಾಳಮದ್ದಳೆ ಎಂದು ಘಟ್ಟದ ಮೇಲಿನ ವಾಚಕರಿಗೆ ತಿಳಿಸಬೇಕು. ಭಾಗವತರು ಪದ ಹೇಳುತ್ತಾರೆ. ಅರ್ಥಧಾರಿಗಳು ಪಂಚೆ ಶಲ್ಯಗಳಲ್ಲೇ ಕುಳಿತು ಅರ್ಥ ಹೇಳುತ್ತಾರೆ. ಮಾತೇ ಅಲ್ಲಿ ಕಿರೀಟ, ಮಾತೇ ಗದೆ. ತಂದೆಯವರು ಹೆಸರಾಂತ ಅರ್ಥಧಾರಿಗಳೇನಲ್ಲ. ಊರ ದೇವಸ್ಥಾನದಲ್ಲಿ, ನೆಂಟರ ಮನೆಯ ಚಾವಡಿಯಲ್ಲಿ ವಿದುರನಾಗಿಯೋ ಶಲ್ಯನಾಗಿಯೋ ಕುಳಿತುಕೊಳ್ಳುತ್ತಿದ್ದರು. 2006ರಲ್ಲಿ ತೀರಿಕೊಂಡ ಶೇಣಿ ಗೋಪಾಲಕೃಷ್ಣ ಭಟ್ಟರೆಂದರೆ ಅವರಿಗೆ ದೇವರಿಗಿಂತ ಒಂದೇ ಮೆಟ್ಟಿಲು ಕೆಳಗೆ. ಶೇಣಿಯವರ ಅರ್ಥದ ಕ್ಯಾಸೆಟ್ಟುಗಳನ್ನು ಪೂಜೆಯ ಸಂಪುಟದಂತೆ ಕಾಪಾಡಿಕೊಂಡು ಬಂದವರು.

ಅಮ್ಮ ತೀರಿಕೊಂಡ ಮೇಲೆ ಎರಡು ವರ್ಷ ಹಳೆಯ ಮನೆಯಲ್ಲಿ ಒಬ್ಬರೇ ಇದ್ದರು. ಒಂದು ಮಳೆಗಾಲದಲ್ಲಿ ಬಾವಿಕಟ್ಟೆಯ ಬಳಿ ಕಾಲು ಜಾರಿತು. ಆಗ ನಾವು ಅವರನ್ನು ಮಣಿಪಾಲಕ್ಕೆ ಕರೆತಂದೆವು. ನಾನಿರುವುದು ಅಲ್ಲಿಯ ಒಂದು ವಸತಿ ಸಮುಚ್ಚಯದ ಮೂರನೆಯ ಮಾಳಿಗೆಯಲ್ಲಿ. ದಿನವೂ ಉಡುಪಿಗೆ ಇಳಿದು ಪಾಠ ಹೇಳಿ ಸಂಜೆ ಗುಡ್ಡ ಹತ್ತಿ ಬರುತ್ತೇನೆ. ತಂದೆಯವರ ಬೇಸರ ಕಳೆಯಲೆಂದು ದೋಹಾದಲ್ಲಿರುವ ಭಾವ ಒಂದು ಹೋಮ್ ಥಿಯೇಟರನ್ನು ಕೊಡಿಸಿದರು. ಗೋಡೆಯಗಲದ ಟೀವಿ, ಐದು ಧ್ವನಿಪೆಟ್ಟಿಗೆಗಳು, ಮೇಲೊಂದು ಸಬ್‌ವೂಫರ್ ಎಂಬ ಕುಂಬಳಕಾಯಿ ಗಾತ್ರದ ಗುಡುಗು. “ಮಾವ ಇನ್ನು ಮನೆಯಲ್ಲೇ ಆಟ ನೋಡಲಿ, ಶೇಣಿಯವರನ್ನು ಕೇಳಲಿ” ಎಂದು ಭಾವನ ಆಶಯ. ಪುಣ್ಯಾತ್ಮರು. ಕ್ಯಾಸೆಟ್ಟುಗಳನ್ನೆಲ್ಲ ಹೊಸ ಯಂತ್ರಕ್ಕೆ ಒಗ್ಗುವಂತೆ ಮಾಡಿಸಿಯೂ ಆಯಿತು.

ಕೋಣೆ 14 ಅಡಿ ಉದ್ದ, 11 ಅಡಿ ಅಗಲ, 10 ಅಡಿ ಎತ್ತರ. ಕಾಂಕ್ರೀಟಿನ ತಾರಸಿ, ನುಣುಪಾದ ಗಾರೆಯ ಗೋಡೆ, ಕನ್ನಡಿಯಂಥ ಟೈಲುಗಳ ನೆಲ, ಎ.ಸಿ.ಯ ತಂಪು ಹೋಗದಂತೆ ಬಿಗಿಯಾಗಿ ಮುಚ್ಚಿದ ಗಾಜಿನ ಕಿಟಕಿ. ಮೊದಲ ದಿನ ತಂದೆಯವರು ಮಡಿಪಂಚೆಯುಟ್ಟು ಕುಳಿತರು. ಕಾಲುಗಂಟೆ ಕೇಳಿದರು. ಆಮೇಲೆ ಮೆಲ್ಲನೆ ಎದ್ದು, “ಬಾವಿಯೊಳಗಿನಿಂದ ಮಾತಾಡಿದ ಹಾಗೆ ಉಂಟು ಮಾರಾಯ. ಗಲಾಟೆ ಕೇಳುತ್ತದೆ, ಅರ್ಥ ಕೇಳುವುದಿಲ್ಲ” ಎಂದು ಬಾಲ್ಕನಿಗೆ ಹೋಗಿ ಕುಳಿತರು. ಸದ್ದು ಹೆಚ್ಚಿಸಿದರೆ ಗಲಾಟೆ ಹೆಚ್ಚಿತೇ ಹೊರತು ಅರ್ಥ ಹೆಚ್ಚಲಿಲ್ಲ.

ವಿಷಯ ಇಷ್ಟರಲ್ಲೇ ನಿಂತಿದ್ದರೆ ಲೇಖನ ಬರೆಯುವಷ್ಟು ದೊಡ್ಡದಾಗುತ್ತಿರಲಿಲ್ಲ. ಮನೆಮಂದಿ ಸೇರಿ ಮಾತಾಡುವುದೂ ಅದೇ ಕೋಣೆಯಲ್ಲಿ. ಮೊಮ್ಮಗಳು ಶಾಲೆಯ ಕಥೆ ಹೇಳಿದರೆ ಅಜ್ಜ ಇನ್ನಾವುದಕ್ಕೋ ಉತ್ತರ ಕೊಡುವರು, ಅವಳು ನಗುವಳು, ಅವರೂ ನಗುವರು. ಹೀಗೆ ನಾಲ್ಕೈದು ಸಲವಾದ ಮೇಲೆ ಅವರು ಉತ್ತರ ಕೊಡುವುದನ್ನೇ ಬಿಟ್ಟರು. ಎಲ್ಲದಕ್ಕೂ ಒಂದು “ಹೂಂ”. ಕಿವಿಯ ವೈದ್ಯರು ಪರೀಕ್ಷಿಸಿ, ವಯಸ್ಸಿಗೆ ತಕ್ಕಷ್ಟು ಕುಂದಿದೆ, ಅದರಲ್ಲೂ ಏರುದನಿಗಳ ಕಡೆಗೆ, ಎಂದರು. ಶ್ರವಣಯಂತ್ರ ಬಂತು. ಆದರೆ ಅದು ಮಾತಿನೊಡನೆ ಗೋಡೆಗಳ ಗೊಣಗಾಟವನ್ನೂ ಹಿಗ್ಗಿಸಿ ಕಿವಿಗೆ ಸುರಿಯಿತು. ವಾರದೊಳಗೆ ಮೇಜಿನ ಖಾನೆ ಸೇರಿತು. ದೀಪಾವಳಿ ಕಳೆದ ಮೇಲೆ ಕಾರ್ಕಳಕ್ಕೆ ಮರಳುತ್ತೇನೆಂದು ತಂದೆಯವರು ಹೇಳತೊಡಗಿದರು. ಆ ಮನೆಯಲ್ಲಿ ಬಾವಿಕಟ್ಟೆ ಹಾಗೆಯೇ ಉಂಟು, ಪಾಚಿಯೂ ಉಂಟು.

ಸುಳಿವು ಹಿಡಿದವಳು ನನ್ನ ಪತ್ನಿ. “ನೋಡಿ, ಬಾಲ್ಕನಿಯಲ್ಲಿ ಪುಟ್ಟಿ ಪಿಸುಗುಟ್ಟಿದರೂ ಅವರಿಗೆ ಕೇಳುತ್ತದೆ. ಒಳಗೆ ಬಂದ ಕೂಡಲೇ ಕೇಳುವುದಿಲ್ಲ. ಕಿವಿ ಅದೇ ಅಲ್ಲವೆ?” ಎಂದಳು. ಕೋಣೆಯ ನಡುವೆ ನಿಂತು ಒಂದು ಚಪ್ಪಾಳೆ ತಟ್ಟಿ ನೋಡಿದೆವು. ಅದು “ಚಟ್” ಎಂದು ಮುಗಿಯಲಿಲ್ಲ. ಸರಿಗೆಯ ಸುರುಳಿಯನ್ನು ಮೀಟಿದಂತೆ “ಝಣಣಣ” ಎಂದು ಎಳೆಯಿತು. ಮಗಳಿಗೆ ಇದೊಂದು ಆಟವಾಯಿತು. ಮನೆಯಿಡೀ ಚಪ್ಪಾಳೆ ತಟ್ಟುತ್ತ ಹೋಗಿ, ಬಚ್ಚಲಿನಲ್ಲಿ ಎಲ್ಲಕ್ಕಿಂತ ಉದ್ದ, ಬಟ್ಟೆಯ ಕಪಾಟಿನೊಳಗೆ ಎಲ್ಲಕ್ಕಿಂತ ಗಿಡ್ಡ ಎಂದು ವರದಿಯೊಪ್ಪಿಸಿದಳು. ಈ ಶಾಸ್ತ್ರದ ಮುಕ್ಕಾಲು ಪಾಲು ಆ ವರದಿಯಲ್ಲೇ ಅಡಗಿದೆ.

ನಾನು ಕನ್ನಡದ ಉಪನ್ಯಾಸಕ. ನನಗೆ ಶಬ್ದವೆಂದರೆ ಮೊದಲು ನೆನಪಾಗುವವನು ಹದಿಮೂರನೆಯ ಶತಮಾನದ ಕೇಶಿರಾಜ. ನಾಭಿಮೂಲದಲ್ಲಿ ಗಾಳಿಯ ಪ್ರೇರಣೆಯಿಂದ ಕಹಳೆಯ ರೀತಿಯಲ್ಲಿ ಶಬ್ದದ್ರವ್ಯ ಹುಟ್ಟುತ್ತದೆ, ಅದರ ಬಣ್ಣ ಬಿಳುಪು ಎಂದು ಆತ ಶಬ್ದಮಣಿದರ್ಪಣದಲ್ಲಿ ಹೇಳುತ್ತಾನೆ. ಹುಟ್ಟಿನ ವಿಚಾರ ಸರಿ. ಬಾಯಿಂದ ಹೊರಟ ಮೇಲೆ ಆ ದ್ರವ್ಯದ ಗತಿಯೇನೆಂಬುದು ವೈಯಾಕರಣರ ಹೊಣೆಯಲ್ಲ. ಗತಿ ಹೀಗಿದೆ. ಶಬ್ದ ಸೆಕೆಂಡಿಗೆ ಸುಮಾರು 1,130 ಅಡಿ ಓಡುತ್ತದೆ. ಹದಿನಾಲ್ಕು ಅಡಿಯ ಕೋಣೆಯಲ್ಲಿ ಅಂದರೆ ಸೆಕೆಂಡಿಗೆ ಎಂಬತ್ತು ಸಲ ಈ ಗೋಡೆಯಿಂದ ಆ ಗೋಡೆಗೆ. ಗಾರೆಯ ಗೋಡೆ ಪ್ರತಿ ಸಲವೂ ನೂರರಲ್ಲಿ ಎರಡು ಮೂರು ಪಾಲನ್ನು ಮಾತ್ರ ನುಂಗಿ ಉಳಿದದ್ದನ್ನು ಹಿಂದಕ್ಕೆ ಎಸೆಯುತ್ತದೆ. ಸೆಕೆಂಡಿನ ಇಪ್ಪತ್ತನೆಯ ಒಂದು ಪಾಲಿನೊಳಗೆ ಹಿಂದಿರುಗಿದ್ದನ್ನು ಕಿವಿ ಮೂಲದ ಮಾತಿನೊಡನೆ ಸೇರಿಸಿಕೊಂಡು ಗಟ್ಟಿಮಾಡಿಕೊಳ್ಳುತ್ತದೆ. ತಡವಾಗಿ ಬಂದದ್ದು ಮುಂದಿನ ಅಕ್ಷರದ ಮೇಲೆ ಬೀಳುತ್ತದೆ.

ಇಲ್ಲಿ ವ್ಯಾಕರಣ ಮತ್ತೆ ಕೆಲಸಕ್ಕೆ ಬರುತ್ತದೆ. ಸ್ವರಗಳು ಬಲಶಾಲಿಗಳು, ತಗ್ಗುದನಿಯವು, ಉದ್ದವಾಗಿ ನಿಲ್ಲುವವು. ವ್ಯಂಜನಗಳು ಕ್ಷಣಿಕ, ದುರ್ಬಲ. ಅದರಲ್ಲೂ ಸ, ಶ, ತ, ಕಗಳ ಜೀವವೆಲ್ಲ ಏರುದನಿಯಲ್ಲಿರುತ್ತದೆ. ಹಿಂದಿನ ಅಕ್ಷರದ ಸ್ವರ ಗೋಡೆಗಳ ನಡುವೆ ಇನ್ನೂ ಗುಂಯ್‌ಗುಡುತ್ತಿರುವಾಗಲೇ ಮುಂದಿನ ವ್ಯಂಜನ ಬಂದು ಅದರಡಿ ಮುಚ್ಚಿಹೋಗುತ್ತದೆ. ಮಾತಿನ ಅರ್ಥವಿರುವುದು ಬಹುಪಾಲು ವ್ಯಂಜನಗಳಲ್ಲಿ. ವಯಸ್ಸು ಏರುದನಿಗಳನ್ನು ಮೊದಲೇ ಕದ್ದಿತ್ತು; ಉಳಿದ ಚೂರುಪಾರನ್ನು ಕೋಣೆ ಮುಚ್ಚಿಹಾಕಿತು. ತಂದೆಯವರ ಎಲೆಗೆ ಅನ್ನ ರಾಶಿಯಾಗಿ ಬೀಳುತ್ತಿತ್ತು, ವ್ಯಂಜನವೇ ಇರಲಿಲ್ಲ! ಈ ಗುಂಯ್‌ಗುಡುವಿಕೆಗೆ ಅನುರಣನವೆಂದು ಹೆಸರು. ಕಾವ್ಯಮೀಮಾಂಸಕರು ಗಂಟೆಯ ಅನುರಣನದ ದೃಷ್ಟಾಂತ ಕೊಟ್ಟು ಧ್ವನಿಯನ್ನು ಕೊಂಡಾಡಿದ್ದಾರೆ. ಅವರಾರೂ ಫ್ಲ್ಯಾಟಿನಲ್ಲಿ ವಾಸವಾಗಿರಲಿಲ್ಲ.

ಇದಕ್ಕೆ ಮೊದಲು ಲೆಕ್ಕ ಹಾಕಿದ ಮಹಾನುಭಾವ ಅಮೆರಿಕದ ವ್ಯಾಲೇಸ್ ಕ್ಲೆಮೆಂಟ್ ಸಬೀನ್. 1895ರಲ್ಲಿ ಹಾರ್ವರ್ಡ್ ವಿಶ್ವವಿದ್ಯಾಲಯದ ಫಾಗ್ ಕಲಾಸಂಗ್ರಹಾಲಯದ ಹೊಸ ಉಪನ್ಯಾಸಮಂದಿರದಲ್ಲಿ ಯಾರ ಉಪನ್ಯಾಸವೂ ಯಾರಿಗೂ ತಿಳಿಯದಂತಾಯಿತು. (ಉಪನ್ಯಾಸಕನಾಗಿ ನನಗೆ ಅದರಲ್ಲಿ ವಿಶೇಷವೇನೂ ಕಾಣುವುದಿಲ್ಲ, ಆದರೆ ಅಲ್ಲಿ ದೋಷ ಕಟ್ಟಡದ್ದಾಗಿತ್ತು.) ಇಪ್ಪತ್ತೇಳು ವರ್ಷದ ಈ ಭೌತಶಾಸ್ತ್ರದ ಅಧ್ಯಾಪಕನಿಗೆ ಅದನ್ನು ಸರಿಪಡಿಸುವ ಕೆಲಸ ಬಂತು. ಅಲ್ಲಿ ಒಂದು ಶಬ್ದ ಹುಟ್ಟಿದರೆ ಸಾಯಲು ಐದೂವರೆ ಸೆಕೆಂಡು ಬೇಕಾಗುತ್ತಿತ್ತು. ಸಬೀನ್ ರಾತ್ರಿಯೆಲ್ಲ ಕುಳಿತು, ಸ್ಯಾಂಡರ್ಸ್ ಥಿಯೇಟರಿನ ಆಸನಗಳ ಮೆತ್ತೆಗಳನ್ನು ಹೊರಿಸಿ ತಂದು ಹರವಿ, ಆರ್ಗನ್ನಿನ ಒಂದು ಕೊಳವೆಯನ್ನು ನುಡಿಸಿ ನಿಲ್ಲಿಸಿ, ಸದ್ದು ಅಡಗುವ ಹೊತ್ತನ್ನು ಅಳೆದ. ಬೆಳಗಾಗುವುದರೊಳಗೆ ಮೆತ್ತೆಗಳು ಸ್ವಸ್ಥಾನಕ್ಕೆ. ತಾನು ತೊಟ್ಟ ಬಟ್ಟೆಯೂ ಲೆಕ್ಕವನ್ನು ಬದಲಿಸುತ್ತದೆಂದು ಕಂಡುಕೊಂಡ. ಮೆತ್ತೆಗಳು ಹೆಚ್ಚಿದಂತೆ ಐದೂವರೆ ಸೆಕೆಂಡು ಇಳಿದಿಳಿದು ಒಂದರ ಆಸುಪಾಸಿಗೆ ಬಂತು. ಆ ರಾತ್ರಿಗಳಿಂದ ಹುಟ್ಟಿದ ಸೂತ್ರವನ್ನೇ 1900ರಲ್ಲಿ ತೆರೆದ ಬಾಸ್ಟನ್ನಿನ ಸಿಂಫನಿ ಹಾಲಿಗೆ ಅನ್ವಯಿಸಿದರು. ಇಂದಿಗೂ ಅದು ಸಂಗೀತಕ್ಕೆ ಜಗತ್ತಿನ ಅತ್ಯುತ್ತಮ ಸಭಾಂಗಣಗಳಲ್ಲೊಂದು.

ನನ್ನ ಮನಸ್ಸನ್ನು ಹಿಡಿದು ನಿಲ್ಲಿಸಿದ್ದು ಆತನ ಅಳತೆಗೋಲು. ಶಬ್ದವನ್ನು ಪೂರ್ತಿಯಾಗಿ ನುಂಗುವ ವಸ್ತು ಯಾವುದು? ತೆರೆದ ಕಿಟಕಿ. ಅದರ ಮೂಲಕ ಹೋದ ಶಬ್ದ ಮರಳಿ ಬರುವುದಿಲ್ಲ. ಆದ್ದರಿಂದ ಇಂತಿಷ್ಟು ತೆರೆದ ಕಿಟಕಿಗೆ ಸಮ ಎಂದೇ ಆತ ಮೆತ್ತೆಯನ್ನೂ ಕಂಬಳಿಯನ್ನೂ ಮನುಷ್ಯರನ್ನೂ ಅಳೆದ. ಇದನ್ನೋದಿದಾಗ ನಮ್ಮ ಕಾರ್ಕಳದ ಚಾವಡಿ ಕಣ್ಣಮುಂದೆ ನಿಂತಿತು. ಅದರ ಒಂದು ಪಕ್ಕಕ್ಕೆ ಗೋಡೆಯೇ ಇಲ್ಲ. ಹದಿನೆಂಟು ಅಡಿಯ ತೆರೆದ ಕಿಟಕಿ! ಮೇಲೆ ಸಂದುಗಳಿಂದ ಬೆಳಕು ಇಣುಕುವ ಹಂಚು. ಮೈಯೆಲ್ಲ ತೂತಾದ ಮುರಕಲ್ಲು. ಮೂಲೆಯಲ್ಲಿ ಬೈಹುಲ್ಲು ಸುತ್ತಿದ ಅಕ್ಕಿಮುಡಿಗಳ ಸಾಲು, ಚಾಪೆಯ ಮೇಲೆ ನಲವತ್ತು ಮಂದಿ. ಅಲ್ಲಿ ಆಡಿದ ಒಂದೊಂದು ಅಕ್ಷರವೂ ತೊಳೆದಿಟ್ಟ ಹಾಗೆ ಕೇಳುತ್ತಿದ್ದುದು ಅರ್ಥಧಾರಿಯ ಗಂಟಲಿನಿಂದ ಮಾತ್ರವಲ್ಲ. ಅಂಥ ಚಾವಡಿಯನ್ನು ಕಾಣದವರು ಮಣಿಪಾಲದಲ್ಲಿ ವಿಜಯನಾಥ ಶೆಣೈಯವರು ಹಳೆಯ ಮನೆಗಳನ್ನು ಬಿಚ್ಚಿ ತಂದು ಮತ್ತೆ ನಿಲ್ಲಿಸಿದ ಹಸ್ತಶಿಲ್ಪದ ಆವರಣಕ್ಕೆ ಹೋಗಿ ನೋಡಬಹುದು. ನೋಡುವುದರ ಜತೆಗೆ ನಾಲ್ಕು ಮಾತಾಡಿಯೂ ನೋಡಬೇಕು.

ಹಾಗೆಂದು ಶಬ್ದವನ್ನು ಪೂರ್ತಿ ನುಂಗಿಸಿಬಿಟ್ಟರೂ ಸುಖವಿಲ್ಲ. ಇದರ ಎರಡು ಕೊನೆಗಳೂ ನಮ್ಮ ಜಿಲ್ಲೆಯಲ್ಲಿಯೇ ಇವೆ. 1586ರಲ್ಲಿ ಕಟ್ಟಿದ ಕಾರ್ಕಳದ ಚತುರ್ಮುಖ ಬಸದಿಯೊಳಗೆ ನಿಂತು ಮೆಲ್ಲನೆ ಗುನುಗಿದರೆ ಸಾಕು, ಸುತ್ತಲಿನ ಕಲ್ಲು ಅದಕ್ಕೆ ಶ್ರುತಿ ಹಿಡಿಯುತ್ತದೆ. ಸ್ತೋತ್ರಕ್ಕೆ ಅದು ಶೋಭೆ, ವಾದಕ್ಕಲ್ಲ. ಇತ್ತ ಕಾಪುವಿನಲ್ಲಿ 1901ರ ದೀಪಸ್ತಂಭದ ಕೆಳಗೆ ಮರಳಿನ ಮೇಲೆ ನಿಂತು ಕೂಗಿದರೆ ಒಂದು ಅಕ್ಷರವೂ ಮರಳಿ ಬಾರದು. ಪ್ರವಾಸಕ್ಕೆ ಕರೆದೊಯ್ದ ವಿದ್ಯಾರ್ಥಿಗಳನ್ನು ಒಟ್ಟುಗೂಡಿಸಲು ಅಲ್ಲಿ ನನ್ನ ಗಂಟಲು ಹರಿದದ್ದುಂಟು. ಕೋಣೆಗೆ ಬೇಕಾದದ್ದು ಇವೆರಡರ ನಡುವಿನ ಹದ. ಉಡುಪಿಯಲ್ಲಿ ಪರಿಚಿತರೊಬ್ಬರು ಕೋಣೆಯ ಗೋಡೆಗಳಿಗೆಲ್ಲ ತೆಳ್ಳನೆಯ ಫೋಮು ಅಂಟಿಸಿದ್ದಾರೆ. ಒಳಹೊಕ್ಕರೆ ಕಿವಿಗೆ ಹತ್ತಿ ತುರುಕಿದಂತಾಗುತ್ತದೆ. ತೆಳು ವಸ್ತು ಏರುದನಿಗಳನ್ನು ಮಾತ್ರ ಹೀರುತ್ತದೆ, ತಗ್ಗುದನಿಗಳು ಹಾಗೆಯೇ ಉಳಿದು ಗುಡುಗುತ್ತವೆ. ತಾಳ ಸತ್ತು ಮದ್ದಳೆ ಮಾತ್ರ ಬದುಕಿದ ಹಾಗೆ. ಮೊಟ್ಟೆಯ ರಟ್ಟಿನ ತಟ್ಟೆಗಳನ್ನು ಅಂಟಿಸಿರೆಂದು ಉಪದೇಶಿಸುವವರೂ ಇದ್ದಾರೆ. ಆ ರಟ್ಟಿನಿಂದ ಹೆಚ್ಚೇನೂ ಆಗದು. ಬೆಂಕಿ ಬೇಗ ಹಿಡಿದೀತು, ಅಷ್ಟೆ.

ನಮ್ಮ ಕೋಣೆಗೆ ಸಬೀನನ ಸೂತ್ರ ಹಚ್ಚಿದೆ. ಸೋಫಾ, ಮನುಷ್ಯರು ಎಲ್ಲ ಸೇರಿ ಅದರಲ್ಲಿದ್ದದ್ದು ಸುಮಾರು ನಾಲ್ಕೂವರೆ ಚದರ ಮೀಟರು ತೆರೆದ ಕಿಟಕಿಗೆ ಸಮನಾದ ಹೀರಿಕೆ; ಅನುರಣನ ಒಂದೂವರೆ ಸೆಕೆಂಡು. ಅದನ್ನು ಅರ್ಧ ಸೆಕೆಂಡಿನೊಳಗೆ ತರಬೇಕಾದರೆ ಹೀರಿಕೆ ಹದಿನೈದು ಚದರ ಮೀಟರಿಗೆ ಏರಬೇಕು. ಕಾಪುವಿನಲ್ಲಿ ಕುಶನ್ ಕೆಲಸ ಮಾಡುವ ನನ್ನ ಬಾಲ್ಯದ ಗೆಳೆಯನೊಬ್ಬನಿದ್ದಾನೆ. ಅವನಿಗೆ ಈ ಲೆಕ್ಕವನ್ನೆಲ್ಲ ವಿವರಿಸಿದೆ. “ಮಾಸ್ಟ್ರೇ, ಗೋಡೆಗೆ ಹಾಸಿಗೆ ಹೊಲಿಯಬೇಕು ಅಂತ ಒಂದೇ ಮಾತಿನಲ್ಲಿ ಹೇಳಬಾರದಾ?” ಎಂದ. ನಾಲ್ಕಡಿ ಉದ್ದ, ಎರಡಡಿ ಅಗಲದ ಹನ್ನೆರಡು ಮರದ ಚೌಕಟ್ಟುಗಳನ್ನು ಮಾಡಿಸಿ, ಒಳಗೆ ಎರಡಂಗುಲದ ರಾಕ್‌ವೂಲ್ ತುಂಬಿದ. ಕಲ್ಲನ್ನು ಕರಗಿಸಿ ನೂಲಾಗಿ ಎಳೆದ ಉಣ್ಣೆಯದು. ಬೆಂಕಿಗೆ ಹೆದರದು, ಆದರೆ ಮೈಗೆ ತಾಗಿದರೆ ತುರಿಕೆ. ಕೈಗವಸು, ಮೂಗಿಗೆ ಬಟ್ಟೆ ಇಲ್ಲದೆ ಮುಟ್ಟಬಾರದು. ಚೌಕಟ್ಟು ಗೋಡೆಗೆ ಅಂಟಿಕೊಳ್ಳದೆ ಎರಡಂಗುಲ ಮುಂದೆ ನಿಂತರೆ ಇನ್ನಷ್ಟು ತಗ್ಗುದನಿಯನ್ನೂ ಹಿಡಿಯುತ್ತದೆಂದು ಹಾಗೆಯೇ ನಿಲ್ಲಿಸಿದೆವು.

ಮೇಲೆ ಹೊದಿಸುವ ಬಟ್ಟೆಯದೊಂದು ಪ್ರಶ್ನೆ. ರೆಕ್ಸಿನ್ ಆಗದು, ಬಾಯಿಟ್ಟು ಊದಿದರೆ ಉಸಿರು ಆಚೆ ಹೋಗುವಂಥ ಬಟ್ಟೆ ಬೇಕು, ಉಸಿರು ಹೋದರೆ ಶಬ್ದವೂ ಒಳಹೋಗುತ್ತದೆ. ಪತ್ನಿಯೂ ನಾನೂ ಅಂಗಡಿಯ ತುಂಡುಗಳನ್ನು ಬಾಯಿಗಿಟ್ಟು ಊದುತ್ತಿದ್ದುದನ್ನು ತಂದೆಯವರು ನೋಡಿದರು. ಏನೂ ಹೇಳಲಿಲ್ಲ. ಮರುದಿನ ಕಾರ್ಕಳದಿಂದ ತಂದಿದ್ದ ಪೆಟ್ಟಿಗೆಯನ್ನು ತೆರೆದು ಅಮ್ಮನ ಐದು ಉಡುಪಿ ಕೈಮಗ್ಗದ ಸೀರೆಗಳನ್ನು ಹೊರಗಿಟ್ಟರು. ತಾವೇ ಒಂದು ಸೆರಗನ್ನೆತ್ತಿ ಊದಿ ತೋರಿಸಿದರು. “ಇದರಲ್ಲಿ ಗಾಳಿ ಹೋಗುತ್ತದೆ” ಎಂದರು. ನನ್ನ ಗೆಳೆಯ ಕತ್ತರಿ ಹಿಡಿದು ಬಹಳ ಹೊತ್ತು ಕುಳಿತಿದ್ದ. ಕೊನೆಗೆ ಕತ್ತರಿಸದೆ, ಮಡಿಸಿ ಹಿಂದಕ್ಕೆ ತಿರುಗಿಸಿ ಹೊಲಿದ.

ಎಲ್ಲಿ ನಿಲ್ಲಿಸಬೇಕೆಂಬುದಕ್ಕೆ ಸುಲಭೋಪಾಯವಿದೆ. ತಂದೆಯವರು ತಮ್ಮ ಕುರ್ಚಿಯಲ್ಲಿ ಕುಳಿತರು. ಮಗಳು ಒಂದು ಕನ್ನಡಿಯನ್ನು ಗೋಡೆಗೊತ್ತಿ ಮೆಲ್ಲನೆ ಸರಿಸುತ್ತ ಹೋದಳು. “ಅಜ್ಜ, ಪೆಟ್ಟಿಗೆ ಕಾಣುತ್ತದಾ?” “ಇಲ್ಲ.” “ಈಗ?” “ಹಾಂ, ಅಲ್ಲಿ!” ಕನ್ನಡಿಯಲ್ಲಿ ಧ್ವನಿಪೆಟ್ಟಿಗೆ ಕಂಡ ಜಾಗವೇ ಅದರ ಶಬ್ದ ಮೊದಲು ಬಡಿದು ಕಿವಿಗೆ ಜಿಗಿಯುವ ಜಾಗ, ಅಲ್ಲೊಂದು ಚೌಕಟ್ಟು. ತಲೆಯ ಮೇಲೆ ತಾರಸಿಗೆ ಎರಡು. ಮೂಲೆಗಳಲ್ಲಿ ತಗ್ಗುದನಿ ರಾಶಿಬೀಳುತ್ತದೆಂದು ಅಲ್ಲಿ ಎರಡೆರಡನ್ನು ಜೋಡಿಸಿ ದಪ್ಪಗೆ ಓರೆಯಾಗಿ ನಿಲ್ಲಿಸಿದೆವು. ನೆಲಕ್ಕೆ ಜಮಖಾನ, ಕಿಟಕಿಗೆ ನೆರಿಗೆ ನೆರಿಗೆಯಾದ ದಪ್ಪ ಪರದೆ. ಹಿಂದಿನ ಗೋಡೆಗೆ ನನ್ನ ಪುಸ್ತಕಗಳು, ಒಂದು ಮುಂದೆ ಒಂದು ಹಿಂದೆಯಾಗಿ. ಏರುಪೇರಾದ ಮೈ ಶಬ್ದವನ್ನು ನುಂಗದೆ ಚದರಿಸುತ್ತದೆ, ಕೋಣೆಗೆ ಜೀವ ಉಳಿಯುತ್ತದೆ. ಸಾಹಿತ್ಯ ಪರಿಷತ್ತಿನ ನಿಘಂಟಿನ ಎಂಟು ಸಂಪುಟಗಳೂ ಅಲ್ಲಿ ನಿಂತುವು. “ಅಂತೂ ಉಪಯೋಗಕ್ಕೆ ಬಂದುವಲ್ಲ” ಎಂಬ ಮಾತು ಅಡಿಗೆಮನೆಯ ಕಡೆಯಿಂದ ಕೇಳಿತು.

ಉಳಿದದ್ದು ಆ ಕುಂಬಳಕಾಯಿ ಗುಡುಗು. ಹದಿನಾಲ್ಕು ಅಡಿಯ ಕೋಣೆ ಸೆಕೆಂಡಿಗೆ ನಲವತ್ತು ಕಂಪನಗಳ ಆಸುಪಾಸಿನ ಸ್ವರವನ್ನು ತಾನೇ ತುಂಬಿಕೊಂಡು ಮೊರೆಯುತ್ತದೆ. ಕೆಲವು ಕಡೆ ಅದು ಸಿಡಿಲು, ಕೆಲವು ಕಡೆ ಶೂನ್ಯ. ಇದಕ್ಕೆ ಪರಿಹಾರವೇನೆಂದರೆ, ಗುಡುಗನ್ನು ಕೇಳುಗನ ಕುರ್ಚಿಯ ಮೇಲೆ ಕುಳ್ಳಿರಿಸಿ, ಕೇಳುಗನು ನೆಲದ ಮೇಲೆ ಅಂಬೆಗಾಲಿಕ್ಕುತ್ತ ಸದ್ದು ಹದವಾಗಿ ಕೇಳುವ ಜಾಗವನ್ನು ಹುಡುಕುವುದು. ಆ ಜಾಗದಲ್ಲಿ ಗುಡುಗನ್ನಿಡುವುದು. ಸ್ನಾತಕೋತ್ತರ ಪದವೀಧರನಾದ ನಾನು ಗೋಡೆಗುಂಟ ಅಂಬೆಗಾಲಿಕ್ಕಿದೆ. ಮಗಳು ನನ್ನ ಬೆನ್ನೇರಿದಳು. ತಂದೆಯವರು ತಿಂಗಳುಗಳ ಮೇಲೆ ಬಿದ್ದು ಬಿದ್ದು ನಕ್ಕದ್ದು ಅಂದು.

ಕೊನೆಗೆ ಚಪ್ಪಾಳೆ ತಟ್ಟಿದೆವು. “ಚಟ್.” ಅಷ್ಟೆ. ಕಾಗದದ ಚೀಲ ಊದಿ ಒಡೆದು ಅಳೆದಾಗ ಅನುರಣನ ಅರ್ಧ ಸೆಕೆಂಡಿನಷ್ಟಕ್ಕೆ ಇಳಿದಿತ್ತು. ಖರ್ಚು ಭಾವನ ಪೆಟ್ಟಿಗೆಗಳ ಬೆಲೆಯ ಹತ್ತರಲ್ಲೊಂದು ಪಾಲೂ ಆಗಲಿಲ್ಲ. ಶೇಣಿಯವರನ್ನು ಹಚ್ಚಿದೆವು. ಸದ್ದು ಮೊದಲಿನ ಅರ್ಧದಷ್ಟಿತ್ತು. ತಂದೆಯವರು ಕಣ್ಣು ಮುಚ್ಚಿ ಕುಳಿತರು, ಬೆರಳು ತೊಡೆಯ ಮೇಲೆ ತಾಳ ಹಾಕತೊಡಗಿತು. ಒಂದು ವಾಕ್ಯ ಮುಗಿಯುವ ಮೊದಲೇ ಅದರ ಕೊನೆಯ ಪದವನ್ನು ಅವರೇ ಹೇಳಿದರು. ಮೇಜಿನ ಖಾನೆಯಿಂದ ಶ್ರವಣಯಂತ್ರ ತಾನಾಗಿ ಹೊರಬಂತು. ಈ ಕೋಣೆಯಲ್ಲಿ ಅದೂ ಸಭ್ಯವಾಗಿ ವರ್ತಿಸುತ್ತದಂತೆ.

ಒಂದು ಮಾತನ್ನು ಮರೆಯದೆ ಹೇಳಬೇಕು. ಈ ಏರ್ಪಾಡು ಕೋಣೆಯೊಳಗಿನ ಶಬ್ದವನ್ನು ತಿದ್ದುತ್ತದೆಯೇ ಹೊರತು ಹೊರಗೆ ಹೋಗುವುದನ್ನು ತಡೆಯುವುದಿಲ್ಲ. ಅದಕ್ಕೆ ಭಾರವಾದ ಗೋಡೆ, ಬಿರುಕಿಲ್ಲದ ಬಾಗಿಲು ಬೇಕು. ಅದು ಬೇರೆಯೇ ಶಾಸ್ತ್ರ. ಕೆಳಮನೆಯವರು ಇದನ್ನು ಎರಡನೆಯ ಆದಿತ್ಯವಾರವೇ ನಮಗೆ ತಿಳಿಯಪಡಿಸಿದರು. ಏಕೆಂದರೆ ಅಷ್ಟರಲ್ಲಿ ತಂದೆಯವರು ಕಾರ್ಕಳದ ಹಳೆಯ ಭಾಗವತರಿಗೆ ಫೋನು ಮಾಡಿಯಾಗಿತ್ತು, ಅವರು ಮದ್ದಳೆಯವರನ್ನು ಕರೆದುಕೊಂಡು ಬಂದೂ ಆಗಿತ್ತು. ಈಗ ಮದ್ದಳೆಯ ಕೆಳಗೆ ದಪ್ಪನೆಯ ಕಂಬಳಿ ಹಾಸುತ್ತೇವೆ; ಕೆಳಮನೆಯ ಯಜಮಾನರು ಬಂದು ಎದುರಿನ ಸಾಲಿನಲ್ಲೇ ಕುಳಿತುಕೊಳ್ಳುತ್ತಾರೆ.

ಮೊನ್ನೆ ಭಾವ ದೋಹಾದಿಂದ ಮಾತಾಡಿದರು. ಸಿನೆಮಾದಲ್ಲಿ ವಿಮಾನ ತಲೆಯ ಮೇಲೇ ಹಾರಿದ ಹಾಗೆ ಕೇಳುತ್ತದಲ್ಲವೆ ಎಂದು ವಿಚಾರಿಸಿದರು. ಇನ್ನೂ ನೋಡಲಾಗಲಿಲ್ಲ ಭಾವ, ಕೋಣೆ ಖಾಲಿ ಸಿಕ್ಕುವುದಿಲ್ಲ ಎಂದೆ. ಬರುವ ಆದಿತ್ಯವಾರ ಕರ್ಣಪರ್ವ. ತಂದೆಯವರದು ಶಲ್ಯ. ಕಾಪುವಿನಿಂದ ಇನ್ನಿಬ್ಬರು ಬರುವವರಿದ್ದಾರೆ. ನಾಲ್ಕು ಚಾಪೆ ಹೆಚ್ಚಿಗೆ ತರಬೇಕು.